ಬಿಟ್ ಸ್ಟಫಿಂಗ್ ಕೈಯಾರೆ ಮಾಡಿ, ಆಮೇಲೆ ಮುಂಬಯಿ–ಪುಣೆ ಲಿಂಕ್ ಎಬ್ಬಿಸಿ

ಮುಂಬಯಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಹುಡುಗರು ಎಚ್‌ಡಿಎಲ್‌ಸಿಯ (ತಂತಿಯಲ್ಲಿ ಡೇಟಾವನ್ನು ಫ್ರೇಮ್ ಎಂಬ ಕಟ್ಟುಗಳಾಗಿ ಕಳಿಸುವ ಪದ್ಧತಿ) ಚಿತ್ರ ಚೆನ್ನಾಗಿ ಬಿಡಿಸುತ್ತಾರೆ: ಎರಡೂ ತುದಿಗೆ 01111110 ಎಂಬ ಫ್ಲ್ಯಾಗ್, ಅಂದರೆ ಫ್ರೇಮಿನ ಗಡಿ ಗುರುತು, ನಡುವೆ ಅಡ್ರೆಸ್, ಕಂಟ್ರೋಲ್, ಡೇಟಾ, ಎಫ್‌ಸಿಎಸ್ (ದಾರಿಯಲ್ಲಾದ ತಪ್ಪು ಹಿಡಿಯುವ ತಾಳೆ ಬಿಟ್‌ಗಳು). ಎಡವುವುದು ಸ್ಟಫಿಂಗ್‌ನಲ್ಲಿ, ಅಂದರೆ ನಡುವಿನ ಬಿಟ್‌ಗಳಲ್ಲಿ ಫ್ಲ್ಯಾಗ್‌ನಂಥ ಸಾಲು ಬಾರದಂತೆ 0 ತುರುಕುವುದರಲ್ಲಿ.

ಮೊದಲು ಎಫ್‌ಸಿಎಸ್ ಲೆಕ್ಕ ಹಾಕಿ ಡೇಟಾದ ಕೊನೆಗೆ ಸೇರಿಸಿ. ಸ್ಟಫಿಂಗ್ ಅದಾದ ಮೇಲೆ, ಎಫ್‌ಸಿಎಸ್‌ಗೂ ಸೇರಿಸಿ. ಫ್ಲ್ಯಾಗ್‌ಗಳನ್ನು ಮಾತ್ರ ಮುಟ್ಟಬೇಡಿ. ಎಡದಿಂದ ಎಣಿಸುತ್ತಾ ಹೋಗಿ, ಐದು 1 ಸಾಲಾಗಿ ಸಿಕ್ಕ ಕೂಡಲೇ ಒಂದು 0 ತುರುಕಿ, ಎಣಿಕೆಯನ್ನು ಸೊನ್ನೆಯಿಂದ ಮತ್ತೆ ಶುರು ಮಾಡಿ. ಬೈಟ್ ಮುಗಿಯಿತೆಂದು ಎಣಿಕೆ ನಿಲ್ಲಿಸಬಾರದು.

0111111011111111 ತೆಗೆದುಕೊಳ್ಳಿ. ತಂತಿಗೆ ಹೋಗುವುದು 011111010111110111. 16 ಬಿಟ್ 18 ಆಯಿತು.

ಮುಂದಿನ ಬಿಟ್ ಹೇಗೂ 0 ಇದೆಯಲ್ಲ, ತುರುಕುವುದೇಕೆ ಎಂದು ಹಲವರು ಬಿಟ್ಟುಬಿಡುತ್ತಾರೆ. ಅಂಕ ಹೋಗುವುದು ಇಲ್ಲೇ. ಐದು 1ರ ನಂತರ ಬಂದ 0 ಯಾರು ಹಾಕಿದ್ದೆಂದು ರಿಸೀವರ್ ವಿಚಾರಿಸುವುದಿಲ್ಲ, ಕಿತ್ತೆಸೆಯುತ್ತದೆ. ಆದ್ದರಿಂದ 0111110 ಕೂಡ 01111100 ಆಗಿಯೇ ಹೋಗಬೇಕು. ಐದರ ನಂತರ 1 ಬಂದರೆ ರಿಸೀವರ್ ಇನ್ನೊಂದು ಬಿಟ್ ನೋಡುತ್ತದೆ: 0 ಆದರೆ ಫ್ಲ್ಯಾಗ್, 1 ಆದರೆ ಅಬಾರ್ಟ್, ಅಂದರೆ ಫ್ರೇಮ್ ಕಸದ ಬುಟ್ಟಿಗೆ. ಪೂರಾ 1ಗಳೇ ಇರುವ ಡೇಟಾದಲ್ಲಿ ಹೆಚ್ಚುವರಿ ಹೊರೆ 20 ಪ್ರತಿಶತ, ಅದಕ್ಕಿಂತ ಹೆಚ್ಚಾಗದು.

ದಾರಿಯಲ್ಲಿ ಒಂದು ಬಿಟ್ ತಿರುಗಿದರೆ ಸುಳ್ಳು ಫ್ಲ್ಯಾಗ್ ಹುಟ್ಟಿ ಫ್ರೇಮ್ ಎರಡು ತುಂಡಾಗಬಹುದು, ಅಥವಾ ನಿಜವಾದ ಫ್ಲ್ಯಾಗ್ ಕೆಟ್ಟು ಎರಡು ಫ್ರೇಮ್ ಅಂಟಿಕೊಳ್ಳಬಹುದು. ಎರಡನ್ನೂ ಸಾಮಾನ್ಯವಾಗಿ ಎಫ್‌ಸಿಎಸ್ ಹಿಡಿಯುತ್ತದೆ.

ಇನ್ನು ಲ್ಯಾಬ್. ಒಂದು ಸಿಸ್ಕೋ ರೌಟರಿಗೆ ಮುಂಬಯಿ, ಇನ್ನೊಂದಕ್ಕೆ ಪುಣೆ ಎಂದು ಹೆಸರಿಟ್ಟು ಸೀರಿಯಲ್ ಕೇಬಲ್ ಹಾಕಿ. ಕೇಬಲ್‌ನ ಡಿಸಿಇ ತುದಿ, ಅಂದರೆ ಕ್ಲಾಕ್ ಕೊಡುವ ತುದಿ, ಯಾವ ಕಡೆಗಿದೆಯೋ ಅಲ್ಲಿ ಮಾತ್ರ ಕ್ಲಾಕ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬುದು) 64000 ಕೊಡಿ. ತುದಿ ಯಾವುದೆಂದು ‘ಶೋ ಕಂಟ್ರೋಲರ್ಸ್’ ಹೇಳುತ್ತದೆ, ಊಹಿಸಬೇಡಿ. ಎರಡೂ ಕಡೆ ನೋ ಶಟ್‌ಡೌನ್ (ಪೋರ್ಟ್ ಚಾಲೂ ಮಾಡುವ ಆಜ್ಞೆ) ಮರೆಯಬೇಡಿ.

ಇಂಟರ್‌ಫೇಸ್ ಅಪ್, ಲೈನ್ ಪ್ರೋಟೋಕಾಲ್ ಡೌನ್ ಎಂದು ಬಂದರೆ ಕೇಬಲ್ ಕಿತ್ತು ಹಾಕುವ ಮೊದಲು ಕ್ಲಾಕ್ ನೋಡಿ, ಆಮೇಲೆ ಎನ್‌ಕ್ಯಾಪ್ಸುಲೇಶನ್ (ಫ್ರೇಮ್ ಕಟ್ಟುವ ರೀತಿ) ಎರಡೂ ಕಡೆ ಒಂದೇ ಇದೆಯೇ ನೋಡಿ. ಸಿಸ್ಕೋ ಸೀರಿಯಲ್ ಪೋರ್ಟ್ ತಾನಾಗಿ ಹಿಡಿಯುವುದು ತನ್ನದೇ ಎಚ್‌ಡಿಎಲ್‌ಸಿ. ಅದರಲ್ಲಿ ಮೇಲಿನ ಪ್ರೋಟೋಕಾಲ್ ಯಾವುದೆಂದು ಹೇಳುವ 2 ಬೈಟ್ ಹೆಚ್ಚಿಗೆ ಇರುತ್ತದೆ, ಐಎಸ್‌ಒ ಮಾನಕದ ಎಚ್‌ಡಿಎಲ್‌ಸಿ ಫ್ರೇಮಿನಲ್ಲಿ ಇಲ್ಲ. ಆಚೆ ತುದಿಯಲ್ಲಿ ಬೇರೆ ಕಂಪನಿಯ ರೌಟರ್ ಇದ್ದರೆ ತಲೆ ಕೆಡಿಸಿಕೊಳ್ಳದೆ ಎರಡೂ ಕಡೆ ಎಲ್ಲ ಕಂಪನಿಗಳಿಗೂ ಹೊಂದುವ ಪಿಪಿಪಿ ಎನ್‌ಕ್ಯಾಪ್ಸುಲೇಶನ್ ಹಾಕಿ.