ಕ್ಷಯರೋಗಿಯ ಊಟ ಮತ್ತು ತೂಕವನ್ನು ಮನೆಯವರು ನೋಡಿಕೊಳ್ಳುವುದು ಹೇಗೆ?

ಕ್ಷಯರೋಗದ ಚಿಕಿತ್ಸೆ ಆರಂಭವಾದ ದಿನ ಮನೆಯವರು ಮಾತ್ರೆಗಳನ್ನು ಜೋಪಾನವಾಗಿ ತೆಗೆದಿಡುತ್ತಾರೆ. ಆದರೆ ಆ ದಿನ ರೋಗಿಯ ತೂಕ ಎಷ್ಟಿತ್ತೆಂದು ಎರಡು ತಿಂಗಳ ನಂತರ ಕೇಳಿದರೆ ಹೇಳಬಲ್ಲವರು ವಿರಳ. ಮಾತ್ರೆಯಷ್ಟೇ ಕಟ್ಟುನಿಟ್ಟಾಗಿ ತೂಕವನ್ನೂ ಗಮನಿಸಬೇಕೆಂಬುದಕ್ಕೆ ಈಗ ನಮ್ಮ ದೇಶದಲ್ಲೇ ನಡೆದ ದೊಡ್ಡ ಅಧ್ಯಯನವೊಂದರ ಆಧಾರವಿದೆ. ಅದರಿಂದ ತಿಳಿದುಬಂದದ್ದನ್ನು ಒಂದು ಸಾಧಾರಣ ಮನೆಯಲ್ಲಿ ಆಚರಣೆಗೆ ತರುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಹೋದ್ಯೋಗಿಗಳು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಈ ಅಧ್ಯಯನದ ಹೆಸರು ‘ರೇಷನ್ಸ್’. 2019ರಲ್ಲಿ ಆರಂಭವಾಗಿ 2022ರವರೆಗೆ ನಡೆದ ಇದರಲ್ಲಿ ಶ್ವಾಸಕೋಶದ ಕ್ಷಯವಿದ್ದ 2,800 ರೋಗಿಗಳೂ ಅವರ ಮನೆಗಳ 10,345 ಮಂದಿಯೂ ಇದ್ದರು. ರೋಗಿಗಳೆಲ್ಲರಿಗೂ ಆರು ತಿಂಗಳು, ಔಷಧಕ್ಕೆ ಬಗ್ಗದ ಕ್ಷಯವಿದ್ದವರಿಗೆ ಹನ್ನೆರಡು ತಿಂಗಳು, ಪ್ರತಿ ತಿಂಗಳೂ ಹತ್ತು ಕಿಲೋ ಆಹಾರದ ಚೀಲ ಮತ್ತು ವಿಟಮಿನ್ ಮಾತ್ರೆಗಳನ್ನು ಕೊಡಲಾಯಿತು. ಮನೆಮಂದಿಯ ವಿಷಯದಲ್ಲಿ ಮಾತ್ರ ಎರಡು ಗುಂಪುಗಳನ್ನು ಮಾಡಿ, ಒಂದು ಗುಂಪಿನವರಿಗೆ ತಲಾ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ವಿಟಮಿನ್ ಕೊಟ್ಟರು. ಇನ್ನೊಂದು ಗುಂಪಿನವರಿಗೆ ಕೊಡಲಿಲ್ಲ. ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಂಡ ಪ್ರಮಾಣ ಇನ್ನೊಂದು ಗುಂಪಿಗಿಂತ ಶೇ 39ರಷ್ಟು ಕಡಿಮೆಯಿತ್ತು. ರೋಗಿಗಳ ಪೈಕಿ ಮೊದಲ ಎರಡು ತಿಂಗಳಲ್ಲಿ ತಮ್ಮ ತೂಕದ ಶೇ 5ರಷ್ಟು ಹೆಚ್ಚಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. 2023ರ ಆಗಸ್ಟ್‌ನಲ್ಲಿ ಪ್ರಕಟವಾದ ಈ ಎರಡು ಅಂಕಿಗಳ ವಿಶ್ವಾಸಾರ್ಹತೆ ಒಂದೇ ಅಲ್ಲವೆಂಬುದನ್ನು ಓದುಗರು ಗಮನಿಸಬೇಕು. ಮೊದಲನೆಯದು ಗುಂಪುಗಳನ್ನು ಹೋಲಿಸಿ ಕಂಡುಕೊಂಡದ್ದಾದ್ದರಿಂದ ಹೆಚ್ಚು ಗಟ್ಟಿ. ಎರಡನೆಯದರಲ್ಲಿ, ಕಾಯಿಲೆ ತೀವ್ರವಾಗಿದ್ದವರಿಗೆ ತೂಕ ಏರುವುದೇ ಕಷ್ಟವೆಂಬ ಅಂಶವೂ ಬೆರೆತಿರಬಹುದು. ಹಾಗಿದ್ದರೂ ಎರಡು ತಿಂಗಳಲ್ಲಿ ತೂಕ ಏರದ ರೋಗಿಯನ್ನು ಅಪಾಯದಲ್ಲಿರುವವರೆಂದು ತಿಳಿದು ಕೂಡಲೇ ಗಮನಿಸಬೇಕೆಂಬ ಮಾತಿಗೆ ಯಾವ ಬಾಧಕವೂ ಇಲ್ಲ.

ಹಾಗಾಗಿ ಮೊದಲ ಕೆಲಸ ತೂಕ ನೋಡುವುದು. ಚಿಕಿತ್ಸೆ ಆರಂಭಿಸುವ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೂಕ ಹಾಕಿಸಿ, ಅದನ್ನು ಚಿಕಿತ್ಸಾ ಕಾರ್ಡಿನಲ್ಲಿ ಬರೆಸುವುದರ ಜೊತೆಗೆ ಮನೆಯ ಕ್ಯಾಲೆಂಡರಿನಲ್ಲಿಯೂ ಬರೆದಿಡಿ. ಮುಂದೆ ಎರಡು ವಾರಕ್ಕೊಮ್ಮೆ, ಸಾಧ್ಯವಾದಷ್ಟೂ ಅದೇ ತಕ್ಕಡಿಯಲ್ಲಿ, ಅದೇ ಹೊತ್ತಿನಲ್ಲಿ, ಚಪ್ಪಲಿ ಕಳಚಿ ನೋಡಿ. ಗುರಿಯ ಲೆಕ್ಕ ಸುಲಭ. ಆರಂಭದ ತೂಕವನ್ನು ಇಪ್ಪತ್ತರಿಂದ ಭಾಗಿಸಿದರೆ ಎರಡು ತಿಂಗಳಲ್ಲಿ ಏರಬೇಕಾದ ಕನಿಷ್ಠ ತೂಕ ಸಿಗುತ್ತದೆ. ನಲವತ್ತು ಕಿಲೋ ಇದ್ದವರಿಗೆ ಅದು ಎರಡು ಕಿಲೋ, ಅಂದರೆ ವಾರಕ್ಕೆ ಸುಮಾರು ಕಾಲು ಕಿಲೋ. ಪಾದ ಊದಿಕೊಂಡು ತೂಕ ಏರಿದ್ದರೆ ಅದು ಮೈಗೆ ಸೇರಿದ ನೀರೇ ಹೊರತು ಚೇತರಿಕೆಯಲ್ಲ. ಹೆಬ್ಬೆರಳಿನಿಂದ ಒತ್ತಿದಾಗ ಕಾಲಿನ ಮೇಲೆ ಗುಳಿ ಬಿದ್ದು ಹಾಗೆಯೇ ಉಳಿದರೆ ವೈದ್ಯರಿಗೆ ತೋರಿಸಬೇಕು. ಕ್ಷಯದ ಮಾತ್ರೆಗಳ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ನಿಗದಿ ಮಾಡುವುದರಿಂದ, ಚೆನ್ನಾಗಿ ತೂಕ ಏರಿದಾಗಲೂ ಅದನ್ನು ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಮಾತ್ರೆಯ ಸಂಖ್ಯೆಯನ್ನು ಬದಲಿಸುವ ಅಗತ್ಯ ಬರಬಹುದು.

ಊಟದ ವಿಷಯಕ್ಕೆ ಬಂದರೆ, ಜಾರ್ಖಂಡ್‌ನ ರೋಗಿಗಳಿಗೆ ಕೊಟ್ಟ ಚೀಲದಲ್ಲಿ ಐದು ಕಿಲೋ ಅಕ್ಕಿ, ಮೂರು ಕಿಲೋ ಹುರಿದ ಕಡಲೆ ಹಿಟ್ಟು, ಒಂದೂವರೆ ಕಿಲೋ ಹಾಲಿನ ಪುಡಿ ಮತ್ತು ಅರ್ಧ ಲೀಟರ್ ಎಣ್ಣೆ ಇದ್ದವು. ಇದರಿಂದ ದಿನಕ್ಕೆ ಸುಮಾರು 1,200 ಕ್ಯಾಲೊರಿಯೂ 52 ಗ್ರಾಂ ಪ್ರೋಟೀನೂ ಸಿಗುತ್ತಿದ್ದವು. ಇದು ಅವರು ಮನೆಯಲ್ಲಿ ಉಣ್ಣುತ್ತಿದ್ದ ಊಟದ ಮೇಲಿನ ಹೆಚ್ಚಳವೆಂಬುದನ್ನು ನೆನಪಿಡಬೇಕು. ಇದರಲ್ಲಿ ದುಬಾರಿಯಾದ ಪ್ರೋಟೀನ್ ಪುಡಿಯ ಡಬ್ಬಿಯಾಗಲಿ ಟಾನಿಕ್ ಆಗಲಿ ಇರಲಿಲ್ಲ. ಸಾಲ ಮಾಡಿ ಅಂಥ ಡಬ್ಬಿ ಕೊಳ್ಳುವ ಕುಟುಂಬಗಳು ಅದೇ ಹಣದಲ್ಲಿ ಒಂದು ತಿಂಗಳ ಮೊಟ್ಟೆ, ಹಾಲು, ಶೇಂಗಾ ತರಬಹುದಿತ್ತಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಮ್ಮ ಅಡುಗೆಮನೆಗೆ ಇದನ್ನು ಹೊಂದಿಸುವುದು ಕಷ್ಟವಲ್ಲ. ಪಡಿತರದ ಅಕ್ಕಿ, ರಾಗಿ ಅಥವಾ ಜೋಳ ಹೊಟ್ಟೆ ತುಂಬಿಸುತ್ತವೆ. ಕೊರತೆ ಬೀಳುವುದು ಬೇಳೆ, ಕಾಳು, ಹಾಲು, ಮೊಟ್ಟೆ ಮತ್ತು ಎಣ್ಣೆಯಲ್ಲಿ. ಐವತ್ತು ಕಿಲೋ ತೂಗಬೇಕಾದ ವ್ಯಕ್ತಿಗೆ ಚಿಕಿತ್ಸೆಯ ಕಾಲದಲ್ಲಿ ದಿನಕ್ಕೆ ಅರವತ್ತರಿಂದ ಎಪ್ಪತ್ತೈದು ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ, ನೂರು ಗ್ರಾಂ ಹುರಿಗಡಲೆಯಲ್ಲಿ ಸುಮಾರು ಇಪ್ಪತ್ತು ಗ್ರಾಂ, ಅಷ್ಟೇ ಶೇಂಗಾದಲ್ಲಿ ಇಪ್ಪತ್ತೈದು ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ಹುರಿಗಡಲೆಯನ್ನು ಪುಡಿಮಾಡಿ ರಾಗಿ ಹುರಿಹಿಟ್ಟಿನೊಂದಿಗೆ ಬೆರೆಸಿ ಹಾಲಿನಲ್ಲಿ ಕಲಸಿ ಕೊಟ್ಟರೆ, ಹಸಿವಿಲ್ಲದ ರೋಗಿಗೂ ನಾಲ್ಕು ತುತ್ತು ಹೆಚ್ಚು ಸೇರುತ್ತದೆ. ಸಾರನ್ನು ತಿಳಿಯಾಗಿ ಬಡಿಸದೆ ತಳದ ಬೇಳೆಯನ್ನು ಬಡಿಸಿ. ಮುದ್ದೆಗೆ ಹುರುಳಿ, ಅವರೆ ಅಥವಾ ಅಲಸಂದೆಯ ಗಟ್ಟಿ ಸಾರಿರಲಿ. ಅನ್ನಕ್ಕೆ ಒಂದು ಚಮಚ ಎಣ್ಣೆ ಅಥವಾ ತುಪ್ಪ ಹೆಚ್ಚಿಗೆ ಬೀಳಲಿ. ಮೊದಲ ವಾರಗಳಲ್ಲಿ ಹಸಿವು ಮಂದವಾಗಿರುವುದರಿಂದ ಮೂರು ದೊಡ್ಡ ಊಟಕ್ಕಿಂತ ಐದಾರು ಸಣ್ಣ ಊಟ ಒಳ್ಳೆಯದು. ಆದರೆ ತೀರಾ ಬಡಕಲಾಗಿ, ಎದ್ದು ನಿಲ್ಲಲೂ ಆಗದ ಸ್ಥಿತಿಯಲ್ಲಿರುವವರಿಗೆ ಒಮ್ಮೆಲೇ ಹೆಚ್ಚು ಉಣ್ಣಿಸುವುದು ದೇಹದ ಲವಣಗಳನ್ನು ಏರುಪೇರು ಮಾಡಿ ಪ್ರಾಣಕ್ಕೇ ಅಪಾಯ ತರಬಹುದು. ಅಂಥವರನ್ನು ಆಸ್ಪತ್ರೆಯಲ್ಲಿ ದಾಖಲಿಸಿ ಆಹಾರವನ್ನು ಹಂತಹಂತವಾಗಿ ಹೆಚ್ಚಿಸಬೇಕು.

ಪಥ್ಯದ ಬಗ್ಗೆ ಒಂದು ಮಾತು. ಕೆಮ್ಮು ಇದೆಯೆಂದು ಮೊಸರು, ಬಾಳೆಹಣ್ಣುಗಳನ್ನು ತಂಪೆಂದೂ, ಮೊಟ್ಟೆಯನ್ನು ಉಷ್ಣವೆಂದೂ ಬಿಡಿಸುವ ರೂಢಿ ನಮ್ಮಲ್ಲಿದೆ. ಹೀಗೆ ಒಂದೊಂದನ್ನೇ ಬಿಡಿಸುತ್ತ ಹೋದರೆ ರೋಗಿಯ ತಟ್ಟೆಯಲ್ಲಿ ಗಂಜಿ ಮಾತ್ರ ಉಳಿಯುತ್ತದೆ. ಕ್ಷಯರೋಗಿಗೆ ಇವು ಯಾವುವೂ ವರ್ಜ್ಯವಲ್ಲ. ಬಿಡಲೇಬೇಕಾದದ್ದು ಮದ್ಯ ಮತ್ತು ತಂಬಾಕು. ಸಕ್ಕರೆ ಕಾಯಿಲೆಯೂ ಇದ್ದವರು ಊಟವನ್ನೇ ಕಡಿಮೆ ಮಾಡಬಾರದು. ಸಿಹಿಯನ್ನು ಬಿಟ್ಟು ಕಾಳು, ಮೊಟ್ಟೆಗಳನ್ನು ಹೆಚ್ಚಿಸಿ, ರಕ್ತದ ಸಕ್ಕರೆಯನ್ನು ಔಷಧದಿಂದ ಹತೋಟಿಯಲ್ಲಿಡಬೇಕು. ತಟ್ಟೆ, ಲೋಟ ಬೇರೆ ಇಡುವುದರಿಂದ ಯಾವ ಪ್ರಯೋಜನವೂ ಇಲ್ಲ, ಏಕೆಂದರೆ ಈ ರೋಗ ಹರಡುವುದು ಗಾಳಿಯಿಂದ, ಎಂಜಲಿನ ಪಾತ್ರೆಯಿಂದಲ್ಲ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲು ಹೇಳಿ, ಊಟವನ್ನು ಜೊತೆಗೇ ಬಡಿಸಿ. ಒಬ್ಬರೇ ಮೂಲೆಯಲ್ಲಿ ಕುಳಿತು ಉಣ್ಣುವವರಿಗೆ ಊಟ ಸೇರುವುದಿಲ್ಲ.

ಒಂದು ತಿಂಗಳಾದರೂ ತೂಕ ಏರದಿದ್ದರೆ ಅಥವಾ ಇಳಿದರೆ, ಎರಡು ತಿಂಗಳಾಗಲಿ ಎಂದು ಕಾಯದೆ ವೈದ್ಯರನ್ನು ಕಾಣಿ. ಮನೆಯಲ್ಲಿ ಆಹಾರವೇ ಸಾಲದಿರಬಹುದು, ಗೊತ್ತಿಲ್ಲದ ಸಕ್ಕರೆ ಕಾಯಿಲೆ ಇರಬಹುದು, ಮಾತ್ರೆಗಳು ಪಿತ್ತಜನಕಾಂಗಕ್ಕೆ ತೊಂದರೆ ಕೊಡುತ್ತಿರಬಹುದು, ಅಥವಾ ರೋಗಾಣುಗಳು ಔಷಧಕ್ಕೆ ಬಗ್ಗದಿರಬಹುದು. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗದ ರೋಗಾಣುವನ್ನು ಸಿಬಿನಾಟ್ ಹಾಗೂ ಟ್ರೂನಾಟ್ ಪರೀಕ್ಷೆಗಳು ಕೆಲವೇ ಗಂಟೆಗಳಲ್ಲಿ ಪತ್ತೆಹಚ್ಚುತ್ತವೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನ ಸಹಜ ಪರಿಣಾಮ, ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾಗಿ ವಾಂತಿ ನಿಲ್ಲದಿದ್ದರೆ, ಅಥವಾ ದೃಷ್ಟಿ ಮಂಜಾಗಿ ಬಣ್ಣಗಳು ಸರಿಯಾಗಿ ಕಾಣದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಣದ ನೆರವನ್ನು ಕೇಳಿ ಪಡೆಯಲು ಸಂಕೋಚ ಬೇಡ. ಕ್ಷಯರೋಗಿಗಳ ಪೋಷಣೆಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿಯಾಗಿದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರಿಗೂ, ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರದ ಜಾಲತಾಣವಾದ ನಿಕ್ಷಯ್‌ನಲ್ಲಿ ಹೆಸರು ನೋಂದಣಿಯಾಗಿದ್ದರೆ, ಇದು ಬ್ಯಾಂಕ್ ಖಾತೆಗೆ ಸಂದಾಯವಾಗುತ್ತದೆ. ಹಣ ಬಾರದಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಖಾತೆಯ ವಿವರ ಸರಿಯಿದೆಯೇ ಎಂದು ಪರಿಶೀಲಿಸಿಕೊಳ್ಳಿ.

ಮನೆಯ ಉಳಿದವರ ತೂಕವನ್ನೂ ಆ ಕ್ಯಾಲೆಂಡರಿನಲ್ಲಿಯೇ ಬರೆದಿಡಬೇಕು. ರೋಗಿಗಾಗಿ ತಂದ ಹಾಲು, ಮೊಟ್ಟೆಯನ್ನು ಎತ್ತಿಟ್ಟು, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ತಾನು ಉಣ್ಣುವ ತಾಯಿಯೋ ಹೆಂಡತಿಯೋ ಅನೇಕ ಮನೆಗಳಲ್ಲಿರುತ್ತಾರೆ. ರೋಗಿಯ ಪಕ್ಕದಲ್ಲೇ ಹಗಲಿರುಳು ಇರುವವರೂ ಅವರೇ ಆದ್ದರಿಂದ, ಜಾರ್ಖಂಡ್‌ನ ಅಧ್ಯಯನ ತೋರಿಸಿದ ಶೇ 39ರ ರಕ್ಷಣೆ ಮೊದಲು ಸಲ್ಲಬೇಕಾದದ್ದು ಅವರಿಗೆ. ಕೆಮ್ಮು, ಜ್ವರ ಅಥವಾ ಕಾರಣವಿಲ್ಲದೆ ಇಳಿಯುವ ತೂಕ ಯಾರಲ್ಲಿ ಕಂಡರೂ ಕಫ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಮಾಡಿಸಿ. ರೋಗವಿಲ್ಲವೆಂದು ಖಚಿತವಾದವರು ಕ್ಷಯ ಬಾರದಂತೆ ಕೊಡುವ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳಬೇಕು. ಆರು ತಿಂಗಳು ದಿನವೂ ನುಂಗುವ ಕ್ರಮದ ಜೊತೆಗೆ ಈಗ ವಾರಕ್ಕೊಮ್ಮೆಯಂತೆ ಹನ್ನೆರಡು ಬಾರಿ ಮಾತ್ರ ನುಂಗುವ ಕ್ರಮವೂ ಇದೆ. ಐದು ವರ್ಷದೊಳಗಿನ ಮಕ್ಕಳ ತೂಕವನ್ನು ಅಂಗನವಾಡಿಯಲ್ಲಿ ತಾಯಿ ಕಾರ್ಡಿನಲ್ಲಿ ತಪ್ಪದೆ ಬರೆಸಿ.

ಚಿಕಿತ್ಸೆ ಮುಗಿದ ದಿನದ ತೂಕವನ್ನೂ ಬರೆದಿಟ್ಟುಕೊಂಡು, ನಂತರದ ಎರಡು ವರ್ಷ ಆರು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರಕ್ಕೆ ಹೋದಾಗ ಅದರೊಂದಿಗೆ ಹೋಲಿಸಿ ನೋಡಿ. ತೂಕ ಮತ್ತೆ ಇಳಿಯತೊಡಗಿದ್ದರೆ, ಕೆಮ್ಮು ಇಲ್ಲದಿದ್ದರೂ, ಕ್ಷಯ ಮರುಕಳಿಸಿರಬಹುದೇ ಎಂಬ ಪರೀಕ್ಷೆಯನ್ನು ಅಂದೇ ಕೇಳಿ ಮಾಡಿಸಿಕೊಳ್ಳಿ.