ಕೊನೇ ನಲ್ಲಿಯಲ್ಲೂ ಹಳದಿ ಬಂತು

ನೀರಿನಲ್ಲಿ ಕ್ಲೋರಿನ್ ಇದೆಯಾ ಅಂತ ನೋಡುವ ಓಟಿ ದ್ರಾವಣ ಹಾಕಿದರೆ ಟ್ಯಾಂಕಿನ ಬುಡದ ನಲ್ಲಿಯಲ್ಲಿ ನೀರು ಹಳದಿ ಆಗುವುದನ್ನು ಎಲ್ಲರೂ ನೋಡಿರುತ್ತೀರಿ. ಊರಿನ ಕೊನೇ ನಲ್ಲಿಯಲ್ಲಿ ನೋಡಿದ್ದೀರಾ? ನಮ್ಮಲ್ಲಿ ಎರಡು ವರ್ಷ ಅಲ್ಲಿ ಬಣ್ಣವೇ ಬರಲಿಲ್ಲ. ಈಗ ಬರುತ್ತಿದೆ, ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗೆ ಕಮ್ಮಿ ಇಲ್ಲ. "ಸಲೈನ್ ಪೈಪಲ್ಲಿ ಊರಿಗೆ ನೀರು ಕೊಡ್ತೀಯಾ?" ಅಂತ ನಕ್ಕಿದ್ದ ಪಕ್ಕದೂರಿನ ನೀರುಗಂಟಿಯೇ ಮೊನ್ನೆ ಬಂದು ಅಳತೆ ಬರೆದುಕೊಂಡು ಹೋದ.

ನಮ್ಮದು ಪಾವಗಡ ಕಡೆ. ಒಂದು ಬೋರು, 50 ಸಾವಿರ ಲೀಟರ್ ಟ್ಯಾಂಕು, 240 ಮನೆ ಇರಬಹುದು. ಮೊದಲು ನಾನೂ ಬ್ಲೀಚಿಂಗ್ ಪೌಡರ್ ಕಲಸಿ ಒಂದೇ ಸಲ ಟ್ಯಾಂಕಿಗೆ ಸುರಿಯುತ್ತಿದ್ದೆ. ಮೊದಲ ಬೀದಿಗೆ ಮೂಗು ಮುಚ್ಚುವಷ್ಟು ವಾಸನೆ, ಕೊನೇ ಬೀದಿಗೆ ಸೊನ್ನೆ. ಕಾಫಿ ಕೆಟ್ಟಿತು ಅಂತ ಒಬ್ಬರು ಲೋಟವನ್ನೇ ಮುಖಕ್ಕೆ ಹಿಡಿದರು. ಪೌಡರಿನ ಮೂಟೆಯನ್ನು ಪಂಪ್‌ಹೌಸಿನಲ್ಲಿ ಬಾಯಿ ಬಿಚ್ಚಿ ಇಟ್ಟಿದ್ದು ಇನ್ನೊಂದು ತಪ್ಪು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಬರೀ ಸುಣ್ಣ. ಎಂಟುನೂರೋ ಒಂಬೈನೂರೋ ಕೊಟ್ಟ ಎರಡು ಮೂಟೆ ಹಾಳು. ಅದರ ಘಾಟಿಗೆ ಸ್ಟಾರ್ಟರ್ ತುಕ್ಕು ಹಿಡಿದು ಮೂರು ಸಾವಿರ ಬೇರೆ ಹೋಯಿತು.

ಕ್ಲೋರಿನ್ನನ್ನು ಅಳತೆಯಾಗಿ ಬಿಡುವ 18 ಸಾವಿರದ ಡೋಸರ್ ಯಂತ್ರ ಇಲ್ಲದೆ ಆಗಲ್ಲ ಅಂದರು. ನಾನು ಒಂದು ಕ್ಯಾನ್, ಎರಡು ಸಲೈನ್ ಸೆಟ್, ಒಂದು ಕಬ್ಬಿಣದ ಸ್ಟ್ಯಾಂಡ್ ತಂದೆ. ಎಲ್ಲಾ ಸೇರಿ ಸಾವಿರ ಚಿಲ್ಲರೆ. ಹೊಸ ಪೌಡರ್ 400 ಗ್ರಾಂ, 10 ಲೀಟರ್ ನೀರು. ರಾತ್ರಿಯೇ ಕಲಸಿಟ್ಟು ಬೆಳಿಗ್ಗೆ ತಿಳಿ ಮಾತ್ರ ಟ್ಯಾಂಕಿನ ಮೇಲೆ ಒಯ್ಯಬೇಕು. ಬೋರಿನ ನೀರು ಬೀಳುವ ಜಾಗಕ್ಕೇ ದಾರದ ಹಾಗೆ ಸಣ್ಣಗೆ ಬೀಳಬೇಕು. ಟ್ಯಾಂಕ್ ತುಂಬುವುದಕ್ಕೂ ಕ್ಯಾನ್ ಖಾಲಿಯಾಗುವುದಕ್ಕೂ ಐದೇ ಗಂಟೆ. ಕರೆಂಟ್ ಹೋದರೆ ಏಣಿ ಹತ್ತಿ ಸಲೈನ್ ಪೈಪಿನ ರೋಲರ್ ತಿರುಗಿಸಿ ಹರಿವು ನಿಲ್ಲಿಸಬೇಕು, ಮೊಣಕಾಲಿಗೆ ಗೊತ್ತು ಆ ಕಷ್ಟ. ಕ್ಯಾನಿನಲ್ಲಿ ಮಟ್ಟ ಇಳಿದರೂ ಹರಿವು ಒಂದೇ ಸಮ ಇರಲು ಒಂದು ಉಪಾಯ ಮಾಡಿದ್ದೇನೆ. ಅದನ್ನು ಬರೆಯಲ್ಲ, ಬಂದು ನೋಡಿ.

ಇಷ್ಟಾದರೂ ಕೊನೇ ಬೀದಿಯ ನೀರು ತುಂಬಿಟ್ಟ ಎಚ್‌ಟುಎಸ್ ಬಾಟಲಿ (ನೀರಿಗೆ ಹೊಲಸು ಸೇರಿದ್ದರೆ ಕಪ್ಪಾಗುವ ಪರೀಕ್ಷೆ ಬಾಟಲಿ) ಒಂದೇ ದಿನಕ್ಕೆ ಕಪ್ಪಾಯಿತು. ಅಗೆದು ನೋಡಿದರೆ ವಾಲ್ವ್ ಗುಂಡಿಯಲ್ಲಿ ಚರಂಡಿ ನೀರು, ಅದರೊಳಗೆ ಬಿರುಕು ಬಿಟ್ಟ ಜಾಯಿಂಟ್! ನೀರು ಬಿಟ್ಟಾಗ ಸೋರುತ್ತದೆ, ನಿಲ್ಲಿಸಿದಾಗ ಅಲ್ಲಿದ್ದದ್ದನ್ನೇ ಒಳಗೆ ಎಳೆದುಕೊಳ್ಳುತ್ತದೆ. ಎಷ್ಟು ಕ್ಲೋರಿನ್ ಹಾಕಿದರೂ ಆ ಕೊಳೆಯೇ ತಿನ್ನುತ್ತಿತ್ತು. ಪೈಪ್ ಬದಲಿಸಿ ಗುಂಡಿ ಎತ್ತರಿಸಲು ಏಳು ಸಾವಿರ ಆಯಿತು. ಅದರಲ್ಲಿ ಎರಡು ಸಾವಿರ ಇನ್ನೂ ನನಗೆ ಬರಬೇಕು.

ಅದನ್ನು ಸರಿಮಾಡುವ ಮೊದಲು ಸುಮ್ನೆ ಒಂದು ಹುಚ್ಚು ಮಾಡಿದೆ. ಅದೇ ನಲ್ಲಿಯ ನೀರನ್ನು ರಾತ್ರಿಯಿಡೀ ತಾಮ್ರದ ಚೊಂಬಿನಲ್ಲೂ ಸ್ಟೀಲಿನದರಲ್ಲೂ ಇಟ್ಟೆ. ಸ್ಟೀಲಿನದು ಬಾಟಲಿಯಲ್ಲಿ ಕಪ್ಪಾಯಿತು, ತಾಮ್ರದ್ದು ಆಗಲಿಲ್ಲ. ಆದರೆ 50 ಸಾವಿರ ಲೀಟರಿಗೆ ಚೊಂಬು ಎಲ್ಲಿಂದ ತರೋಣ?

ಕ್ಲೋರಿನ್ ಹಾಕಿದರೆ ಬೋರಿನ ನೀರಿನ ಫ್ಲೋರೈಡ್ ಹೋಗಲ್ಲ, ಅದು ಬೇರೆ ರಗಳೆ. ಕುಡಿಯಲು ಜನ ಐದು ರೂಪಾಯಿ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. ಹಾಗಾದರೆ ನಲ್ಲಿಗೆ ಯಾಕೆ ಇಷ್ಟು ಒದ್ದಾಟ ಅಂತ ಕೇಳುತ್ತಾರೆ. ಘಟಕ ಕೆಟ್ಟ ದಿನ ಎಲ್ಲರೂ ಕುಡಿಯುವುದು ಇದನ್ನೇ ಅಲ್ವಾ? ಮಕ್ಕಳಂತೂ ದಿನಾ ನಲ್ಲಿಗೇ ಬಾಯಿ ಕೊಡುತ್ತವೆ.

ಕ್ಲೋರಿನ್ನಿಗೆ ಸಲೈನ್ ಸೆಟ್ ತಿಂಗಳಿಗೊಮ್ಮೆ ಗಟ್ಟಿಯಾಗುತ್ತದೆ. ಮೆಡಿಕಲ್ ಅಂಗಡಿಯವರು ಪ್ರತಿಸಲ ಕೇಳುತ್ತಾರೆ, "ಮನೇಲಿ ಯಾರಿಗೆ ಹುಷಾರಿಲ್ಲ?"