ಮೊನ್ಸಾಂತೊಗೆ ಹೋಗುವುದು ಹೇಗೆ? ಬಂಡೆಗಳ ಊರಲ್ಲಿ ಒಂದು ರಾತ್ರಿ

ಮೊದಲ ಕೆಲಸ, ಮ್ಯಾಪಿನಲ್ಲಿ ಸರಿಯಾದ ಊರು ಹುಡುಕುವುದು. ಬರೀ ಮೊನ್ಸಾಂತೊ ಅಂತ ಟೈಪ್ ಮಾಡಿದರೆ ಲಿಸ್ಬನ್ ನಗರದ ಒಳಗೇ ಇರುವ ದೊಡ್ಡ ಕಾಡಿನ ಪಾರ್ಕ್ ಬಂದು ಕೂರಬಹುದು. ನಮ್ಮ ಕಡೆಯವರಿಗೆ ಬಿಟಿ ಹತ್ತಿಯ ಕಂಪನಿಯೂ ನೆನಪಾಗುತ್ತದೆ, ಆದರೆ ಈ ಊರಿಗೂ ಅದಕ್ಕೂ ಸಂಬಂಧ ಇಲ್ಲ. ನಾವು ಹೊರಟಿರುವುದು ಪೋರ್ಚುಗಲ್‌ನ ಪೂರ್ವದ ಅಂಚಿನಲ್ಲಿ, ಸ್ಪೇನ್ ಗಡಿಗೆ ಹತ್ತಿರ, ಒಂದು ಗ್ರಾನೈಟ್ ಬೆಟ್ಟದ ಮೇಲಿರುವ ಹಳ್ಳಿಗೆ. ಹುಡುಕುವಾಗ ಪಕ್ಕದಲ್ಲಿ ಇದಾನ್ಯ-ಅ-ನೋವ ಎಂದೂ ಸೇರಿಸಿ. ಅದು ಈ ಹಳ್ಳಿ ಸೇರುವ ತಾಲ್ಲೂಕಿನಂಥ ಆಡಳಿತ ಕೇಂದ್ರ.

ಪೋರ್ಚುಗಲ್ ಸರ್ಕಾರ 'ಚಾರಿತ್ರಿಕ ಹಳ್ಳಿಗಳು' ಎಂದು ಗುರುತಿಸಿದ 12 ಊರುಗಳಲ್ಲಿ ಇದೂ ಒಂದು. ಹೋದವರಲ್ಲಿ ತುಂಬಾ ಜನ ಮಾಡುವ ತಪ್ಪು ಒಂದೇ. ಬೆಳಿಗ್ಗೆ ಹನ್ನೊಂದಕ್ಕೆ ಬಂದು, ಫೋಟೊ ತೆಗೆದು, ಮಧ್ಯಾಹ್ನ ಮೂರಕ್ಕೆ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ರಾತ್ರಿಯಾದರೂ ಉಳಿಯಿರಿ.

ಯಾವ ತಿಂಗಳು?

ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈ-ಆಗಸ್ಟ್ ಬೇಡ. ಆ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ, ಬಂಡೆ ಕಾದು ಕಾವಲಿಯಾಗುತ್ತದೆ, ಮಧ್ಯ ಪೋರ್ಚುಗಲ್‌ನಲ್ಲಿ ಕಾಡ್ಗಿಚ್ಚಿನ ಕಾಟವೂ ಆಗಲೇ ಜಾಸ್ತಿ. ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿಂದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮುಂಚೆ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆಯೂ ಬೇಕು.

ತಲುಪುವುದು

ಲಿಸ್ಬನ್‌ನಿಂದ ಕಾಸ್ತೆಲೊ ಬ್ರಾಂಕೊ ಎಂಬ ಪಟ್ಟಣಕ್ಕೆ ನೇರ ರೈಲಿದೆ, ಮೂರು ಗಂಟೆಯ ಆಸುಪಾಸು. ರೈಲು ಹೋಗುವ ದಿಕ್ಕಿಗೆ ಬಲಗಡೆ ಕಿಟಕಿ ಹಿಡಿಯಿರಿ. ಅಬ್ರಾಂತಿಶ್ ದಾಟಿದ ಮೇಲೆ ಹಳಿ ತೇಜೊ ನದಿಯ ಪಕ್ಕಕ್ಕೇ ಅಂಟಿಕೊಂಡು ಸಾಗುತ್ತದೆ, ಮುಂದೆ ರೋದಾಂವ್ ಹತ್ತಿರ ನದಿಯ ಎರಡೂ ಕಡೆ ಬಾಗಿಲಿನ ಹಾಗೆ ಎದ್ದುನಿಂತ ಬಂಡೆಗೋಡೆಗಳಿವೆ, ಅಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. ಆಗ ಮೊಬೈಲ್ ಪಕ್ಕಕ್ಕಿಟ್ಟು ಆಕಾಶ ನೋಡಿ.

ಕಾಸ್ತೆಲೊ ಬ್ರಾಂಕೊದಿಂದ ಊರು ಸುಮಾರು 50 ಕಿ.ಮೀ. ಬಸ್ಸುಗಳು ಬಹಳ ಕಡಿಮೆ, ಶನಿವಾರ-ಭಾನುವಾರ ಇನ್ನೂ ಕಡಿಮೆ. ಹಾಗಾಗಿ ಬಸ್ಸಿನ ಸಮಯ ನೋಡಿಕೊಂಡು ಆಮೇಲೆ ರೈಲು ಬುಕ್ ಮಾಡಿ, ಉಲ್ಟಾ ಮಾಡಬೇಡಿ. ನನ್ನ ಕೇಳಿದರೆ ಕಾರು ಬಾಡಿಗೆಗೆ ತೆಗೆದುಕೊಳ್ಳುವುದೇ ವಾಸಿ. ಹೊರಡುವ ಮೊದಲು ಇಲ್ಲಿಯ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಮೊದಲ ದಿನ ಸರ್ಕಲ್‌ಗಳಲ್ಲಿ ನಿಧಾನ.

ಊರೊಳಗೆ ಕಾರು ನುಗ್ಗಿಸಬೇಡಿ. ಓಣಿಗಳು ಕತ್ತೆ ನಡೆಯುವಷ್ಟೇ ಅಗಲ. ಕೆಳಗೇ ನಿಲ್ಲಿಸಿ ನಡೆಯಿರಿ. ಚಕ್ರದ ಸೂಟ್‌ಕೇಸ್ ಬೇಡವೇ ಬೇಡ, ಬೆನ್ನಿಗೆ ಹಾಕುವ ಚೀಲ ಸಾಕು. ನಾನು ಚಕ್ರದ್ದನ್ನೇ ಒಯ್ದಿದ್ದೆ, ಕಲ್ಲು ಹಾಸಿನ ಏರಿನಲ್ಲಿ ಒಂದು ಚಕ್ರ ಕಿತ್ತುಬಂತು. ಶೂ ಹಳೆಯದಾದರೂ ಪರವಾಗಿಲ್ಲ, ಅಡಿ ಮಾತ್ರ ಸವೆದಿರಬಾರದು. ಮಳೆ ಬಿದ್ದ ಗ್ರಾನೈಟ್ ತುಂಬಾ ಜಾರುತ್ತದೆ.

ಸಂಜೆ: ಸುಮ್ನೆ ಓಡಾಡಿ

ಹಂಪಿ, ಚಿತ್ರದುರ್ಗ ನೋಡಿದವರಿಗೆ ಉರುಟು ಬಂಡೆ ಹೊಸದಲ್ಲ. ಆದರೆ ಇಲ್ಲಿಯವರು ಬಂಡೆಯ ಜೊತೆ ಸಂಸಾರ ಮಾಡಿದ ರೀತಿ ಬೇರೆ. ಒಡೆಯಲಿಲ್ಲ, ಉರುಳಿಸಲಿಲ್ಲ. ಎರಡು ಬಂಡೆ ನಡುವೆ ಜಾಗ ಇದ್ದರೆ ಮುಂದೊಂದು ಗೋಡೆ ಎಬ್ಬಿಸಿ ಬಾಗಿಲಿಟ್ಟರು. ಮೇಲೆ ದೊಡ್ಡ ಬಂಡೆ ಚಾಚಿಕೊಂಡಿದ್ದರೆ ಅದೇ ಸೂರು. ಅಂಥ ಮನೆಗೆ ಅಲ್ಲಿ 'ಒಂದೇ ಹೆಂಚಿನ ಮನೆ' ಅನ್ನುತ್ತಾರೆ. ಎಂಥ ಒಳ್ಳೆಯ ಮಾತು ಅಲ್ವಾ!

ನಾನು ಉಳಿದ ಕೋಣೆಯಲ್ಲಿ ಮೂರು ಗೋಡೆಗೆ ಸುಣ್ಣ ಬಳಿದಿತ್ತು, ನಾಲ್ಕನೆಯದು ಬರೀ ಬಂಡೆ. ಮಂಚದ ಪಕ್ಕಕ್ಕೇ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಗೋಡೆ ಮತ್ತು ಬಂಡೆ ಸೇರುವ ಕಡೆ ಗಾರೆಯನ್ನು ಬೆರಳಿನಲ್ಲೇ ತೀಡಿ ತುಂಬಿದ್ದ ಗುರುತು ಕಾಣುತ್ತಿತ್ತು. ರಾತ್ರಿ ಹತ್ತಕ್ಕೆ ಕೈ ಇಟ್ಟರೆ ಇನ್ನೂ ಬೆಚ್ಚಗೆ, ಬೆಳಗಿನ ಜಾವ ತಣ್ಣಗೆ. ಇದಕ್ಕೇ ನಾನು ರಾತ್ರಿ ಉಳಿಯಿರಿ ಅಂದದ್ದು. ಪ್ರವಾಸಿಗಳು ಹೋದ ಮೇಲೆ ಓಣಿಯಲ್ಲಿ ಊರಿನವರ ಮಾತು ಕೇಳಿಸುತ್ತದೆ, ಬೆಕ್ಕುಗಳು ಮೆಟ್ಟಿಲಿಗೆ ಬರುತ್ತವೆ.

ನಡೆಯುವಾಗ ಗಡಿಯಾರದ ಗೋಪುರದ ತುದಿ ನೋಡಿ. ಅಲ್ಲೊಂದು ಹುಂಜ ಇದೆ. 1938ರಲ್ಲಿ ಆಗಿನ ಸರ್ಕಾರದ ಪ್ರಚಾರ ಇಲಾಖೆ 'ಪೋರ್ಚುಗಲ್‌ನ ಅತ್ಯಂತ ಪೋರ್ಚುಗೀಸ್ ಹಳ್ಳಿ' ಎಂಬ ಸ್ಪರ್ಧೆ ಇಟ್ಟಿತ್ತು, ಗೆದ್ದದ್ದು ಮೊನ್ಸಾಂತೊ, ಬಹುಮಾನ ಬೆಳ್ಳಿಯ ಹುಂಜ. ಗೋಪುರದ ಮೇಲಿರುವುದು ಅದರ ಪ್ರತಿರೂಪ. ಸಲಜಾರ್‌ನ ಸರ್ವಾಧಿಕಾರದ ಕಾಲ ಅದು, ಬಡ ಹಳ್ಳಿಯನ್ನು ಚಂದದ ಚಿತ್ರವಾಗಿ ತೋರಿಸುವ ಆಸೆ ಸರ್ಕಾರಕ್ಕಿತ್ತು. ಆ ಬಿರುದಿಗಿಂತ ಅಲ್ಲಿ ಬಾಳಿದವರ ಕಷ್ಟ ದೊಡ್ಡದು ಎಂದೇ ನನ್ನ ಭಾವನೆ.

ಬೆಳಿಗ್ಗೆ: ಕೋಟೆ ಹತ್ತಿ

ಬೆಳಕು ಹರಿಯುತ್ತಿದ್ದಂತೆ ಹೊರಡಿ. ಬೆಟ್ಟದ ತುದಿ 758 ಮೀಟರ್ ಎತ್ತರ. ಊರಿನಿಂದ ಅರ್ಧ ಗಂಟೆಯೊಳಗೆ ಹತ್ತಬಹುದು, ನೀರು ಜೊತೆಗಿರಲಿ. 1165ರಲ್ಲಿ ದೊರೆ ಅಫೋನ್ಸು ಎನ್ರಿಕಿಶ್ ಈ ಜಾಗವನ್ನು ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರ ಪಂಗಡಕ್ಕೆ ಕೊಟ್ಟ, ಅವರು ಕೋಟೆ ಕಟ್ಟಿದರು. 19ನೇ ಶತಮಾನದಲ್ಲಿ ಒಳಗಿನ ಮದ್ದಿನ ಮನೆ ಸಿಡಿದು ಬಹುಪಾಲು ಹಾಳಾಯಿತು. ಗೋಡೆಯ ಮೇಲೆ ಹಿಡಿದುಕೊಳ್ಳಲು ಕಂಬಿ ಇಲ್ಲದ ಜಾಗಗಳಿವೆ, ಗಾಳಿ ಜೋರು. ಮಕ್ಕಳ ಕೈ ಬಿಡಬೇಡಿ.

ಕೋಟೆಯ ಹತ್ತಿರವೇ ಸೂರಿಲ್ಲದ ಸಂತ ಮಿಗೇಲ್ ಚರ್ಚ್ ಇದೆ. ಅದರ ಪಕ್ಕ ಬಂಡೆಯಲ್ಲೇ ಕೊರೆದ ಗೋರಿಗಳು. ತಲೆಗೊಂದು ಗುಂಡು ಗುಳಿ, ಭುಜಕ್ಕೆ ಅಗಲ, ಕಾಲಿನ ಕಡೆ ಕಿರಿದು. ಮಳೆ ಬಂದಿದ್ದರೆ ಅದರ ತುಂಬ ನೀರು ನಿಂತಿರುತ್ತದೆ. ಒಳಗೆ ಮಲಗಿ ಫೋಟೊ ತೆಗೆಸಿಕೊಳ್ಳುವವರನ್ನು ಕಂಡೆ, ಬೇಜಾರಾಯಿತು. ಅದು ಯಾರದೋ ಮಣ್ಣಾದ ಜಾಗ.

ಮೇ ತಿಂಗಳ ಮೊದಲ ವಾರಕ್ಕೆ ಹೋಗುವಂತಿದ್ದರೆ ಶಿಲುಬೆಗಳ ಹಬ್ಬ ಸಿಗಬಹುದು. ಮೇ 3 ಅಥವಾ ಅದರ ನಂತರದ ಭಾನುವಾರ ನಡೆಯುತ್ತದೆ. ಕಥೆ ಹೀಗೆ: ವೈರಿಗಳು ವರ್ಷಗಟ್ಟಲೆ ಕೋಟೆಗೆ ಮುತ್ತಿಗೆ ಹಾಕಿದ್ದರಂತೆ. ಒಳಗೆ ಉಳಿದದ್ದು ಒಂದು ಕರು, ಒಂದಿಷ್ಟು ಗೋಧಿ. ಆ ಗೋಧಿಯನ್ನೆಲ್ಲ ಕರುವಿಗೆ ತಿನ್ನಿಸಿ ಗೋಡೆಯ ಮೇಲಿಂದ ಕೆಳಕ್ಕೆ ಎಸೆದರು. ಬಿದ್ದ ಕರುವಿನ ಹೊಟ್ಟೆಯಲ್ಲಿ ಗೋಧಿ ಕಂಡ ವೈರಿಗಳು, ಇವರಿಗೆ ಇನ್ನೂ ಇಷ್ಟೊಂದು ಕಾಳಿದೆಯಾ ಎಂದುಕೊಂಡು ಗಂಟುಮೂಟೆ ಕಟ್ಟಿದರಂತೆ. ಈಗ ಹಬ್ಬದ ದಿನ ಹೂ ತುಂಬಿದ ಮಡಕೆಗಳನ್ನು ಕೋಟೆಯಿಂದ ಕೆಳಗೆ ಎಸೆಯುತ್ತಾರೆ. ಹೆಂಗಸರು ಅದೂಫೆ ಬಾರಿಸುತ್ತಾ ಹಾಡುತ್ತಾ ಬೆಟ್ಟ ಹತ್ತುತ್ತಾರೆ. ಅದು ಚೌಕಾಕಾರದ ವಾದ್ಯ, ಎರಡೂ ಕಡೆ ಚರ್ಮ, ಒಳಗೆ ಕಾಳಿನಂಥದ್ದೇನೋ ಹಾಕಿರುತ್ತಾರೆ, ಪ್ರತಿ ಪೆಟ್ಟಿಗೂ ಸರಸರ ಅನ್ನುತ್ತದೆ.

ಅವರ ಕೈಯಲ್ಲಿ ಮರಫೋನ ಎಂಬ ಬಟ್ಟೆಯ ಗೊಂಬೆಯೂ ಇರುತ್ತದೆ. ಎರಡು ಕಡ್ಡಿ ಅಡ್ಡಡ್ಡ ಕಟ್ಟಿ, ಬಣ್ಣದ ಬಟ್ಟೆ ಸುತ್ತಿ ಮಾಡಿದ್ದು. ಮುಖದಲ್ಲಿ ಕಣ್ಣಿಲ್ಲ, ಬಾಯಿಲ್ಲ. ಹೊಸದಾಗಿ ಮದುವೆಯಾದವರ ಹಾಸಿಗೆಯ ಕೆಳಗೆ ಇಡುವ ವಾಡಿಕೆ ಇತ್ತು, ಹಾಗಾಗಿ ಅದು ಏನನ್ನೂ ನೋಡಬಾರದು, ಹೇಳಲೂಬಾರದು. ಸಿಡಿಲಿನಿಂದ ಕಾಯುತ್ತದೆ ಎಂಬ ನಂಬಿಕೆಯೂ ಇದೆ. ನೆನಪಿಗೆ ಏನಾದರೂ ಕೊಳ್ಳುವುದಾದರೆ ಇದನ್ನೇ ಕೊಳ್ಳಿ, ಊರಿನಲ್ಲಿ ಅದನ್ನು ಮಾಡುವ ಹೆಂಗಸರ ಕೈಯಿಂದಲೇ. ಚೌಕಾಸಿ ಬೇಡ.

ಊಟ, ಮಾತು

ಸಸ್ಯಾಹಾರಿಗಳು ಎರಡು ಮಾತು ಕಲಿಯಿರಿ: 'ಸೆಂ ಕಾರ್ನೆ', ಮಾಂಸ ಬೇಡ, 'ಸೆಂ ಪೈಶೆ', ಮೀನೂ ಬೇಡ. ಬರೀ ಮೊದಲನೆಯದು ಹೇಳಿದರೆ ಮೀನು ಬಂದೀತು. ಕಾಲ್ದು ವೆರ್ದೆ ಎಂಬ ಸೊಪ್ಪು-ಆಲೂಗಡ್ಡೆ ಸೂಪಿನಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಬಿಲ್ಲೆ ಇರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ಕುಳಿತ ಕೂಡಲೇ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ತಿಂದರೆ ಬಿಲ್ಲಿಗೆ ಸೇರುತ್ತದೆ, ಬೇಡವೆಂದರೆ ವಾಪಸ್ ಒಯ್ಯುತ್ತಾರೆ. ಆ ಸೀಮೆಯ ಉತ್ತರಕ್ಕಿರುವ ಸೆರ್ರಾ ದ ಇಶ್‌ತ್ರೇಲ ಬೆಟ್ಟದ ಕುರಿಹಾಲಿನ ಚೀಸ್ ಸಿಕ್ಕರೆ ಬಿಡಬೇಡಿ. ಅದನ್ನು ಹೆಪ್ಪುಗಟ್ಟಿಸುವುದು ಒಂದು ಮುಳ್ಳುಗಿಡದ ಹೂವಿನಿಂದ. ಮಧ್ಯಾಹ್ನದ ಊಟ ಎರಡೂವರೆಯೊಳಗೆ ಮುಗಿಸಿ, ಆಮೇಲೆ ಅಡುಗೆಮನೆ ಮುಚ್ಚಿರುತ್ತದೆ. ಸ್ವಲ್ಪ ನಗದು ಜೇಬಿನಲ್ಲಿರಲಿ.

ಬಾಗಿಲಲ್ಲಿ ಕುಳಿತ ಅಜ್ಜಿಯರಿಗೆ ಬೆಳಿಗ್ಗೆ 'ಬೊಂ ದಿಯ', ಮಧ್ಯಾಹ್ನದ ಮೇಲೆ 'ಬೋವ ತಾರ್ದೆ' ಹೇಳದೆ ಮುಂದೆ ಹೋಗಬೇಡಿ. ಫೋಟೊ ಅದಾದ ಮೇಲೆ, ಕೇಳಿಕೊಂಡು. ಮನೆಯವರು ಕೈಗಿಡುವ ಕೀಲಿಗೆ ಅವರ ಮಾತಿನಲ್ಲಿ 'ಶಾವೆ', ನಮ್ಮ ಚಾವಿ ಬಂದದ್ದು ಅಲ್ಲಿಂದಲೇ. ಬಟಾಟೆಯೂ ಅಷ್ಟೆ.

ಹೊರಡುವ ದಿನ

ಕಾರಿದ್ದರೆ ಹತ್ತಿರದ ಪೆನ್ಯ ಗರ್ಸಿಯಕ್ಕೆ ಹೋಗಿ. ಅಲ್ಲಿಯ ಕಣಿವೆಯ ಕಲ್ಲುಗೋಡೆಗಳ ಮೇಲೆ ಟ್ರೈಲೊಬೈಟ್ ಎಂಬ ಸಮುದ್ರಜೀವಿ ಕೆಸರಿನಲ್ಲಿ ಹರಿದಾಡಿದ ಜಾಡು ಉಳಿದಿದೆ, ಸುಮಾರು 48 ಕೋಟಿ ವರ್ಷ ಹಳೆಯದು. ಊರಿನವರು ಅವನ್ನು 'ಬಣ್ಣ ಬಳಿದ ಹಾವುಗಳು' ಎಂದು ಕರೆಯುತ್ತಾ ಬಂದಿದ್ದಾರೆ. ಬಸ್ಸಿನವರಾದರೆ ಹಿಂದಿನ ಸಂಜೆಯೇ ಉಳಿದ ಮನೆಯವರ ಹತ್ತಿರ ಸಮಯ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ, ಮತ್ತು ಕಾಲು ಗಂಟೆ ಮೊದಲೇ ಕೆಳಗಿಳಿದು ನಿಲ್ಲಿ.